ಹೆಬ್ಬಾಗಿಲ ಮೇಲಿನ ಹೆಸರು



ಕಳೆದ ತಿಂಗಳ ಒಂದು ಭಾನುವಾರ. ಬೆಳಗಿನ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಚದುರುತ್ತಿದ್ದರು. ಪರಿಚಯದ ಹಿರಿಯರೊಬ್ಬರು ಹತ್ತಿರ ಬಂದು ಕೈ ಹಿಡಿದುಕೊಂಡರು. ಮಲೆನಾಡಿನವರು. ನಾಲ್ಕು ಎಕರೆ ಕಾಫಿ ತೋಟ, ತೋಟದ ನಡುವೆ ಹಂಚಿನ ಮನೆ, ಇಬ್ಬರು ಮಕ್ಕಳು. ಹಿರಿಯ ಮಗಳಿಗೆ ಬೆಲ್ಜಿಯಂ ದೇಶದ ಲ್ಯೂವೆನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ದೊರೆತಿದೆಯೆಂದು ಹೇಳುವಾಗ ಅವರ ಮುಖದಲ್ಲಿ ಸಂತೋಷವೂ ಅಂಜಿಕೆಯೂ ಏಕಕಾಲಕ್ಕೆ ತೋರಿದವು. ತೋಟವನ್ನು ಬ್ಯಾಂಕಿಗೆ ಆಧಾರ ಕೊಟ್ಟು ಸಾಲ ಪಡೆಯುವ ಮಾತುಕತೆ ನಡೆದಿತ್ತು. ಎಲ್ಲವನ್ನೂ ಹೇಳಿದ ಮೇಲೆ ಅವರು ಕೇಳಿದ್ದು ಇಷ್ಟೆ: “ಹೇಗಿದ್ದರೂ ಅದು ನಮ್ಮ ಕಥೋಲಿಕರ ವಿಶ್ವವಿದ್ಯಾಲಯವೇ ಅಲ್ಲವೇ ಸಾರ್? ಮಗಳ ವಿಶ್ವಾಸಕ್ಕೆ ಏನೂ ಆತಂಕವಿಲ್ಲವಷ್ಟೆ?”

ಹೌದು ಎಂದುಬಿಡುವುದು ಸುಲಭವಿತ್ತು. ಆ ತಂದೆಗೆ ಅಂದು ಬೇಕಾಗಿದ್ದುದೂ ಆ ಒಂದು ಮಾತೇ. ಆದರೆ ಹಾಗೆನ್ನಲು ಮನಸ್ಸು ಒಪ್ಪಲಿಲ್ಲ. ಇಲ್ಲ ಎಂದಿದ್ದರೆ ಅದೂ ಸತ್ಯಕ್ಕೆ ದೂರವಾಗುತ್ತಿತ್ತು. “ಒಂದು ದಿನ ನಿಧಾನವಾಗಿ ಕುಳಿತು ಮಾತಾಡೋಣ” ಎಂದು ಹೇಳಿ ಅವರನ್ನು ಬೀಳ್ಕೊಟ್ಟೆವು. ಅಂದು ಆಡದೆ ಉಳಿದ ಮಾತುಗಳನ್ನು ಇಂದು ಈ ಅಂಕಣದಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ. ಮಂಗಳೂರು, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ, ಮೈಸೂರು, ಬೆಂಗಳೂರು, ಹೀಗೆ ಯಾವ ಧರ್ಮಕ್ಷೇತ್ರದಲ್ಲಿ ವಿಚಾರಿಸಿದರೂ ಇಂದು ಇಂತಹ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಮನೆಗಳು ಸಿಗುತ್ತವೆ.

ಹಿಂದಿನ ತಲೆಮಾರಿನ ನಮ್ಮವರು ಕೆಲಸ ಅರಸಿಕೊಂಡು ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಅವರು ದುಡಿದ ಹಣ ಊರಿಗೆ ಬಂದು ಮನೆಯಾಯಿತು, ತಂಗಿಯ ಮದುವೆಯಾಯಿತು, ತಮ್ಮನ ಓದಾಯಿತು. ಇಂದು ಮಕ್ಕಳು ಹೋಗುವುದು ಓದಲೆಂದು. ಹಣ ಮನೆಯಿಂದ ಹೊರಗೆ ಹರಿಯುತ್ತದೆ. ಹಾಗಾಗಿ ತಂದೆತಾಯಿಗಳ ಚಿಂತೆಯೂ ಇಮ್ಮಡಿಯಾಗಿದೆ. ಒಂದು ಕಡೆ ಸಾಲದ ಹೊರೆ, ಇನ್ನೊಂದು ಕಡೆ ಮಗುವಿನ ಬಾಳು. ಈ ಎರಡು ಚಿಂತೆಗಳ ನಡುವೆ ‘ಕಥೋಲಿಕ’ ಅಥವಾ ‘ಕ್ರೈಸ್ತ’ ಎಂಬ ಹೆಸರು ಕಣ್ಣಿಗೆ ಬಿದ್ದಾಗ ಮನಸ್ಸಿಗೆ ಎಷ್ಟೋ ಸಮಾಧಾನವಾಗುತ್ತದೆ. ಆ ಹೆಸರೇ ಮಗುವನ್ನು ಕಾಯುತ್ತದೆಂದು ನಂಬುತ್ತೇವೆ.

ಮಕ್ಕಳು ಹೋಗಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಯೇಸುಸ್ವಾಮಿ ಹೇಳಿದ ತಲೆಂತುಗಳ ಸಾಮತಿಯಲ್ಲಿ ಹೆದರಿಕೆಯಿಂದ ತನ್ನ ಪಾಲನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನಿಗೆ ಶಹಬಾಸ್‌ಗಿರಿ ದೊರೆಯಲಿಲ್ಲ. ಆದರೆ ಹೆಬ್ಬಾಗಿಲ ಮೇಲಿನ ಹೆಸರನ್ನು ಕಾವಲುಗಾರನೆಂದು ಭಾವಿಸಿ ನಿಶ್ಚಿಂತರಾಗುವುದು ಸರಿಯಲ್ಲ. ಆ ಹೆಸರು ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು ಎಂಬುದನ್ನು ಅರಿತು ಕಳುಹಿಸುವುದು ವಿವೇಕ. ಅದಕ್ಕೆ ಆ ತಂದೆಯವರು ಹೆಸರಿಸಿದ ಲ್ಯೂವೆನ್ನಿನ ಚರಿತ್ರೆಯೇ ಒಳ್ಳೆಯ ಪಾಠ.

ಆರು ಶತಮಾನಗಳ ವಿದ್ಯಾಮಂದಿರ

1425ರ ಡಿಸೆಂಬರ್ 9ರಂದು ಜಗದ್ಗುರು ಐದನೆಯ ಮಾರ್ಟಿನ್ ಅವರು ಹೊರಡಿಸಿದ ಸನ್ನದಿನಿಂದ ಲ್ಯೂವೆನ್ ವಿಶ್ವವಿದ್ಯಾಲಯ ಜನ್ಮ ತಾಳಿತು. ದೈವಶಾಸ್ತ್ರವನ್ನು ಬೋಧಿಸುವ ಅನುಮತಿ ದೊರೆತದ್ದು 1432ರಲ್ಲಿ. ಇಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರೊಬ್ಬರು 1522ರಲ್ಲಿ ಜಗದ್ಗುರು ಆರನೆಯ ಏಡ್ರಿಯನ್ ಆದರು. ಮಾನವ ಶರೀರರಚನೆಯ ಅಧ್ಯಯನಕ್ಕೆ ಹೊಸ ದಾರಿ ತೋರಿದ ವೆಸೇಲಿಯಸ್, ಭೂಪಟಗಳಿಗೆ ಹೊಸ ರೂಪ ಕೊಟ್ಟ ಮರ್ಕೇಟರ್ ಇಲ್ಲಿಯೇ ಓದಿದವರು. ಲ್ಯಾಟಿನ್, ಗ್ರೀಕ್, ಹೀಬ್ರೂ ಎಂಬ ಮೂರು ಭಾಷೆಗಳನ್ನು ಮೂಲದಲ್ಲಿಯೇ ಕಲಿಸುವ ಕಾಲೇಜೊಂದು 1517ರಲ್ಲಿ ವಿದ್ವಾಂಸ ಎರಾಸ್ಮಸ್‌ರ ಪ್ರೇರಣೆಯಿಂದ ಇಲ್ಲಿ ಸ್ಥಾಪನೆಯಾಯಿತು.

ಈ ವಿದ್ಯಾಮಂದಿರ ಸುಖವನ್ನೇ ಕಂಡಿತೆಂದು ಹೇಳುವಂತಿಲ್ಲ. 1797ರಲ್ಲಿ ಫ್ರೆಂಚ್ ಕ್ರಾಂತಿಯ ಆಡಳಿತ ಅದನ್ನು ಮುಚ್ಚಿತು. ಬೆಲ್ಜಿಯಂನ ಧರ್ಮಾಧ್ಯಕ್ಷರು 1834ರಲ್ಲಿ ಕಥೋಲಿಕ ವಿಶ್ವವಿದ್ಯಾಲಯವನ್ನು ಮತ್ತೆ ಸ್ಥಾಪಿಸಿದರು; ಮರುವರ್ಷ ಅದು ಲ್ಯೂವೆನ್‌ಗೆ ಮರಳಿತು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, 1914ರ ಆಗಸ್ಟ್ ತಿಂಗಳಲ್ಲಿ, ಜರ್ಮನ್ ಸೈನ್ಯ ಅದರ ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು. ಶತಮಾನಗಳಿಂದ ಕೂಡಿಟ್ಟ ಹಸ್ತಪ್ರತಿಗಳೂ ಪುಸ್ತಕಗಳೂ ಬೂದಿಯಾದವು. ಅಮೆರಿಕದ ಶಾಲಾ ಕಾಲೇಜುಗಳ ದೇಣಿಗೆಯಿಂದ 1928ರಲ್ಲಿ ಹೊಸ ಗ್ರಂಥಾಲಯ ತಲೆಯೆತ್ತಿತು. ದಾನವಿತ್ತ ಶಾಲೆಗಳ ಹೆಸರುಗಳನ್ನು ಅದರ ಗೋಡೆಯ ಕಲ್ಲುಗಳ ಮೇಲೆ ಇಂದಿಗೂ ಓದಬಹುದು. 1940ರ ಮೇ ತಿಂಗಳಲ್ಲಿ ಅದೂ ಉರಿದುಹೋಯಿತು. ಯುದ್ಧ ಮುಗಿದ ಮೇಲೆ ಮೂರನೆಯ ಬಾರಿ ಪುಸ್ತಕಗಳನ್ನು ಜೋಡಿಸಲು ಕುಳಿತವರ ತಾಳ್ಮೆಗೆ ನಾವು ತಲೆಬಾಗಬೇಕು.

ಇಂದು ಅಲ್ಲಿ 60 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಯಾವ ಧರ್ಮವೂ ಬೇಡವೆನ್ನುವವರೂ ಇದ್ದಾರೆ. ನಮ್ಮ ದೇಶದ ಅನೇಕ ಗುರುಗಳೂ ಕನ್ಯಾಸ್ತ್ರೀಯರೂ ದೈವಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋಗಿ ಬಂದಿದ್ದಾರೆ. ಕುಷ್ಠರೋಗಿಗಳ ಸೇವೆಯಲ್ಲಿ ಪ್ರಾಣ ತೆತ್ತ ಮೊಲೊಕಾಯಿಯ ಸಂತ ದಾಮಿಯನ್‌ರ ಸಮಾಧಿ ಇರುವುದೂ ಅದೇ ಊರಿನಲ್ಲಿ. ಇಷ್ಟನ್ನು ಕೇಳಿದ ತಾಯಿತಂದೆಗಳಿಗೆ ಲ್ಯೂವೆನ್ ಒಂದು ಪುಣ್ಯಕ್ಷೇತ್ರದಂತೆಯೇ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಚಿತ್ರದ ಇನ್ನೊಂದು ಭಾಗವನ್ನೂ ನೋಡಬೇಕು. ಆ ನಾಡಿನ ದೇವಾಲಯಗಳಲ್ಲಿ ಭಾನುವಾರದ ಪೂಜೆಗೆ ಬರುವವರ ಸಂಖ್ಯೆ ಹಲವು ದಶಕಗಳಿಂದ ಇಳಿಯುತ್ತಲೇ ಬಂದಿದೆ. ವಿಶ್ವವಿದ್ಯಾಲಯವೂ ಇಂದು ತನ್ನನ್ನು ‘ಕೆ.ಯು. ಲ್ಯೂವೆನ್’ ಎಂಬ ಹ್ರಸ್ವನಾಮದಿಂದಲೇ ಪರಿಚಯಿಸಿಕೊಳ್ಳುತ್ತದೆ. ‘ಕಥೋಲಿಕ’ ಎಂಬುದು ಆ ಮೊದಲ ಅಕ್ಷರದಲ್ಲಿ ಅಡಗಿದೆ. 2024ರ ಸೆಪ್ಟೆಂಬರ್‌ನಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು ಆರುನೂರನೆಯ ವರ್ಷದ ಸಂಭ್ರಮಕ್ಕಾಗಿ ಅಲ್ಲಿಗೆ ಭೇಟಿಯಿತ್ತರು. ಮರುದಿನ ಅದರ ಸೋದರ ಸಂಸ್ಥೆಯಾದ ಫ್ರೆಂಚ್ ಭಾಷೆಯ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಹೋದರು. ಸಮಾಜದಲ್ಲಿ ಸ್ತ್ರೀಯರ ಸ್ಥಾನವನ್ನು ಕುರಿತು ಅವರು ಅಲ್ಲಿ ಆಡಿದ ಮಾತುಗಳನ್ನು ತಾನು ಒಪ್ಪುವುದಿಲ್ಲವೆಂದು ಆ ವಿಶ್ವವಿದ್ಯಾಲಯ ಅಂದೇ ಪ್ರಕಟಣೆ ಹೊರಡಿಸಿತು. ಆತಿಥ್ಯ ನೀಡಿದ ಮನೆಯೇ, ಅದೂ ಕಥೋಲಿಕ ಮನೆಯೇ, ಅತಿಥಿಯಾದ ಜಗದ್ಗುರುಗಳೊಂದಿಗೆ ಬಹಿರಂಗವಾಗಿ ಭಿನ್ನಾಭಿಪ್ರಾಯ ತಿಳಿಸಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಮ್ಮ ಊರಿನ ಕಾನ್ವೆಂಟ್ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ವಿಶ್ವವಿದ್ಯಾಲಯವನ್ನು ಊಹಿಸಿಕೊಳ್ಳುವ ಪಾಲಕರು ಈ ಸಂಗತಿಯನ್ನು ತಿಳಿದಿರಬೇಕು ಎಂಬಷ್ಟೇ ನಮ್ಮ ಉದ್ದೇಶ.

ಒಬ್ಬ ಗುರುವಿನ ಎರಡು ಶ್ರದ್ಧೆಗಳು

ಹಾಗಾದರೆ ಕಥೋಲಿಕ ವಿಶ್ವವಿದ್ಯಾಲಯ ಎಂಬ ಹೆಸರಿಗೆ ಅರ್ಥವೇ ಇಲ್ಲವೇ? ಇದೆ. 1990ರ ಆಗಸ್ಟ್ 15ರಂದು ಜಗದ್ಗುರು ದ್ವಿತೀಯ ಜಾನ್ ಪೌಲರು ಕಥೋಲಿಕ ವಿಶ್ವವಿದ್ಯಾಲಯಗಳನ್ನು ಕುರಿತು ಒಂದು ಪ್ರೇಷಿತ ಶಾಸನವನ್ನು ಹೊರಡಿಸಿದರು. ಇಂತಹ ವಿದ್ಯಾಮಂದಿರಗಳು ಧರ್ಮಸಭೆಯ ಹೃದಯದಿಂದಲೇ ಹುಟ್ಟಿದವೆಂಬುದು ಅದರ ಮೊದಲ ಮಾತು. ಸತ್ಯದ ಮೂಲವನ್ನು ವಿಶ್ವಾಸದಿಂದ ಅರಿತವನೂ ಸತ್ಯವನ್ನು ಹುಡುಕುವುದನ್ನು ನಿಲ್ಲಿಸಬೇಕಾಗಿಲ್ಲ, ಈ ಎರಡೂ ಒಂದೇ ಮನಸ್ಸಿನಲ್ಲಿ ಕೂಡಿ ಬಾಳಬಲ್ಲವು ಎಂಬುದು ಅದರ ತಿರುಳು. ಇದನ್ನು ಬಾಳಿ ತೋರಿಸಿದವರು ಲ್ಯೂವೆನ್ನಿನಲ್ಲಿಯೇ ಇದ್ದರು.

ಜಾರ್ಜ್ ಲೆಮೇತ್ರ್ 1894ರಲ್ಲಿ ಬೆಲ್ಜಿಯಂನ ಶಾರ್ಲರ್ವಾ ನಗರದಲ್ಲಿ ಹುಟ್ಟಿದರು. ಲ್ಯೂವೆನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಯುದ್ಧ ಬಂತು; ಓದನ್ನು ಬಿಟ್ಟು ಸೈನ್ಯ ಸೇರಿದರು. ಹಿಂದಿರುಗಿ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿದರು. 1923ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ, ನಮ್ಮ ಮಕ್ಕಳು ಇಂದು ಹೊರಡುವಂತೆಯೇ, ಅವರೂ ಪರದೇಶಕ್ಕೆ ಓದಲು ಹೊರಟರು. ಮೊದಲು ಇಂಗ್ಲೆಂಡಿನ ಕೇಂಬ್ರಿಜ್, ಅನಂತರ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯ. ಅವೆರಡೂ ಕಥೋಲಿಕ ಸಂಸ್ಥೆಗಳಲ್ಲ ಎಂಬುದನ್ನು ಗಮನಿಸಬೇಕು. ಲ್ಯೂವೆನ್‌ಗೆ ಮರಳಿ ಪ್ರಾಧ್ಯಾಪಕರಾದ ಅವರು 1927ರಲ್ಲಿ ವಿಶ್ವ ಹಿಗ್ಗುತ್ತಿದೆಯೆಂದು ಗಣಿತದ ಆಧಾರದಿಂದ ಪ್ರತಿಪಾದಿಸಿದರು. 1931ರಲ್ಲಿ, ಈ ವಿಶ್ವವೆಲ್ಲ ಒಂದು ಆದಿಮ ಅಣುವಿನಿಂದ ಹೊರಹೊಮ್ಮಿರಬೇಕೆಂಬ ವಿಚಾರವನ್ನು ಮುಂದಿಟ್ಟರು. ಇಂದು ಮಹಾಸ್ಫೋಟ ಸಿದ್ಧಾಂತವೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ವಿಚಾರದ ಮೂಲ ಅದು.

1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಭಾಷಣವೊಂದರಲ್ಲಿ, ವಿಜ್ಞಾನದ ಈ ಶೋಧವು ದೇವರ ಸೃಷ್ಟಿಕಾರ್ಯಕ್ಕೆ ಸಾಕ್ಷಿ ನುಡಿಯುತ್ತದೆಂಬ ಅರ್ಥದ ಮಾತನ್ನಾಡಿದರು. ಬೇರೆ ಯಾರಾದರೂ ಇದನ್ನು ತಮ್ಮ ಸಿದ್ಧಾಂತಕ್ಕೆ ಸಿಕ್ಕ ಮನ್ನಣೆಯೆಂದು ಹಿಗ್ಗುತ್ತಿದ್ದರು. ಲೆಮೇತ್ರರು ಹಿಗ್ಗಲಿಲ್ಲ. ತಮ್ಮದು ಭೌತಶಾಸ್ತ್ರದ ಊಹೆ, ಅದನ್ನು ಭೌತಶಾಸ್ತ್ರದ ಒರೆಗಲ್ಲಿನಲ್ಲಿಯೇ ಪರೀಕ್ಷಿಸಬೇಕು, ವಿಶ್ವಾಸವನ್ನು ಅದಕ್ಕೆ ಕಟ್ಟಿಹಾಕಬಾರದು ಎಂಬುದು ಅವರ ನಿಲುವು. ನಾಳೆ ಸಿದ್ಧಾಂತ ಬಿದ್ದುಹೋದರೆ ವಿಶ್ವಾಸವೂ ಬೀಳಬೇಕೇ? ಈ ವಿಚಾರವನ್ನು ಅವರು ರೋಮಿಗೂ ಮುಟ್ಟಿಸಿದರು. 1952ರಲ್ಲಿ ಖಗೋಳಜ್ಞರ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡಿದಾಗ ಜಗದ್ಗುರುಗಳು ಆ ವಾದವನ್ನು ಪುನಃ ಎತ್ತಲಿಲ್ಲ. ಇದೇ ಲೆಮೇತ್ರರು 1960ರಲ್ಲಿ ವತಿಕನ್ನಿನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿ, 1966ರಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆ ಹೊತ್ತರು.

ದಿನವೂ ಪೂಜೆ ಅರ್ಪಿಸುತ್ತಿದ್ದ ಗುರುವೊಬ್ಬರು, ವಿಜ್ಞಾನದ ವಿಷಯದಲ್ಲಿ ಜಗದ್ಗುರುಗಳಿಗೂ ವಿನಯದಿಂದ ಎಚ್ಚರಿಕೆ ಹೇಳಿದರು. ಅವರ ವಿಶ್ವಾಸ ಇದರಿಂದ ಕುಂದಲಿಲ್ಲ. ಅವರ ವಿಜ್ಞಾನವೂ ಕುಂದಲಿಲ್ಲ. ಕಥೋಲಿಕ ವಿಶ್ವವಿದ್ಯಾಲಯ ಕೊಡಬಲ್ಲ ಶ್ರೇಷ್ಠ ಸಂಪತ್ತು ಇಂತಹ ಮನಸ್ಸು. ಆದರೆ ಇದು ಪ್ರವೇಶಪತ್ರದ ಜೊತೆಗೆ ಅಂಚೆಯಲ್ಲಿ ಬರುವಂತಹುದಲ್ಲ. ಪ್ರಶ್ನೆಗಳಿಗೆ ಹೆದರದವರು, ಪ್ರಾರ್ಥನೆಯನ್ನು ಬಿಡದವರು ಇದನ್ನು ದುಡಿದು ಪಡೆಯಬೇಕು.

ಕಲಿಯಲು ಬಂದವರು, ಕಲಿಯಲು ಹೋಗುವವರು

ಲ್ಯೂವೆನ್ನಿನ ಇನ್ನೊಂದು ಅಧ್ಯಾಯ ಕನ್ನಡಿಗರಾದ ನಮಗೆ ಬೇಗ ಅರ್ಥವಾಗುವಂತಹುದು. ಆ ಊರಿನ ಸುತ್ತಲಿನ ಜನರ ಮಾತು ಡಚ್. ಆದರೆ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಮೆರೆದದ್ದು ಫ್ರೆಂಚ್. ತಮ್ಮ ನೆಲದಲ್ಲಿ ತಮ್ಮ ಭಾಷೆಗೆ ಎರಡನೆಯ ಪಂಕ್ತಿಯೇ ಎಂಬ ನೋವು ಹೊಗೆಯಾಡಿ, 1968ರಲ್ಲಿ ಬೀದಿಯ ಹೋರಾಟವಾಯಿತು. ಆ ವರ್ಷದ ಫೆಬ್ರುವರಿಯಲ್ಲಿ ಬೆಲ್ಜಿಯಂ ಸರ್ಕಾರವೇ ಉರುಳಿತು. ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ಭಾಷೆಯವರು ಹೊರಗೆ ಹೋಗಿ ಹೊಲಗಳ ನಡುವೆ ಲೂವೆನ್-ಲಾ-ನ್ಯೂವ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿಕೊಂಡರು. ಗ್ರಂಥಾಲಯದ ಪುಸ್ತಕಗಳನ್ನು ಸಮಸಂಖ್ಯೆ, ಬೆಸಸಂಖ್ಯೆಗಳ ಲೆಕ್ಕದಲ್ಲಿ ಹಂಚಿಕೊಂಡರೆಂದು ಹೇಳಿದರೆ, ಎರಡು ಬೆಂಕಿಗಳನ್ನು ದಾಟಿದ ಆ ಗ್ರಂಥಭಂಡಾರದ ಪಾಡು ತಿಳಿಯುತ್ತದೆ. ಎರಡೂ ಕಡೆಯವರು ಒಂದೇ ಪರಮಪ್ರಸಾದವನ್ನು ಸ್ವೀಕರಿಸುವ ಕಥೋಲಿಕರೇ ಆಗಿದ್ದರು.

ಈ ಭಾಷೆಯ ನೋವನ್ನು ತರುಣನಾಗಿ ಅರಿತಿದ್ದ ಲ್ಯೂವೆನ್ನಿನ ಎಂಜಿನಿಯರಿಂಗ್ ಪದವೀಧರರೊಬ್ಬರು ಯೇಸುಸಭೆಯನ್ನು ಸೇರಿ 1935ರಲ್ಲಿ ಭಾರತಕ್ಕೆ ಬಂದರು. ಅವರೇ ಫಾದರ್ ಕಾಮಿಲ್ ಬುಲ್ಕೆ. ಇಲ್ಲಿನ ವಿದ್ಯಾವಂತರು ತಮ್ಮ ಮಾತನ್ನು ಬದಿಗಿಟ್ಟು ಇಂಗ್ಲಿಷಿಗೆ ಮಣೆ ಹಾಕುವುದನ್ನು ಕಂಡು ಅವರು ನೊಂದರು. ಹಿಂದಿಯನ್ನೂ ಸಂಸ್ಕೃತವನ್ನೂ ಕಲಿತರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ರಾಮಕಥೆಯ ಹುಟ್ಟು ಬೆಳವಣಿಗೆಗಳನ್ನು ಕುರಿತ ಸಂಶೋಧನ ಪ್ರಬಂಧವನ್ನು ಹಿಂದಿಯಲ್ಲಿಯೇ ಸಲ್ಲಿಸಿದರು. ರಾಂಚಿಯ ಕಾಲೇಜಿನಲ್ಲಿ ಹಿಂದಿ ವಿಭಾಗದ ಮುಖ್ಯಸ್ಥರಾದರು. 1951ರಲ್ಲಿ ಭಾರತದ ಪೌರತ್ವ ಪಡೆದರು. 1968ರಲ್ಲಿ ಅವರ ಇಂಗ್ಲಿಷ್–ಹಿಂದಿ ನಿಘಂಟು ಹೊರಬಂದಿತು. 1974ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನು ಅರಸಿಕೊಂಡು ಬಂತು. ತುಳಸೀದಾಸರನ್ನು ಅವರು ಅಷ್ಟೊಂದು ಪ್ರೀತಿಸಿದರೂ ಅವರ ಗುರುದೀಕ್ಷೆಗೆ ಕುಂದು ಬರಲಿಲ್ಲ.

ನಮ್ಮ ನಾಡಿಗೆ ಬಂದವರೂ ಇಂತಹವರೇ. ಇಟಲಿಯ ಯೇಸುಸಭೆಯವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು. ಎರಡೇ ವರ್ಷಗಳಲ್ಲಿ, 1880ರಲ್ಲಿ, ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅವರಲ್ಲೊಬ್ಬರಾದ ಫಾದರ್ ಆಂಜೆಲೊ ಮಾಫೆಯಿ ಕೊಂಕಣಿಯನ್ನು ಕಲಿತು 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು. ಬೋಧಿಸಲು ಬಂದವರು ಮೊದಲು ವಿದ್ಯಾರ್ಥಿಗಳಾದರು.

ಇಂದು ಪಯಣದ ದಿಕ್ಕು ತಿರುಗಿದೆ. ಅವರು ಇಲ್ಲಿಗೆ ಬಂದಂತೆ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ. ಎಷ್ಟು ಮಂದಿ ಅಲ್ಲಿನ ಜನರ ಮಾತನ್ನು ಕಲಿಯುವ ಮನಸ್ಸಿನಿಂದ ಹೋಗುತ್ತಾರೆ? ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಕೋಣೆಯಲ್ಲಿ ಊರಿನ ಗೆಳೆಯರಿದ್ದಾರೆ, ಡಚ್ ಏಕೆ ಬೇಕು ಎನ್ನುವುದು ಸಹಜ. ಆದರೆ ನೆರೆಮನೆಯ ಮುದುಕಿಗೆ ಅವಳ ಮಾತಿನಲ್ಲಿ ನಮಸ್ಕಾರ ಹೇಳಲು ಬಾರದೆ ಎರಡು ವರ್ಷ ಕಳೆದು ಬಂದವರು ಆ ದೇಶವನ್ನು ಕಂಡರೆಂದು ಹೇಳುವುದು ಹೇಗೆ?

ಹೆಸರಿಗೆ ಅಂಟಿದ ಕಲೆ

ಹೆಸರು ಪವಿತ್ರವಾಗಿದ್ದ ಮಾತ್ರಕ್ಕೆ ಸಂಸ್ಥೆಯ ಕೈ ಶುದ್ಧವಾಗಿರುತ್ತದೆಂದೂ ಭಾವಿಸಬಾರದು. ಅಮೆರಿಕದ ಜಾರ್ಜ್‌ಟೌನ್ ಆ ದೇಶದ ಅತ್ಯಂತ ಹಳೆಯ ಕಥೋಲಿಕ ವಿಶ್ವವಿದ್ಯಾಲಯ. 1789ರಲ್ಲಿ ಸ್ಥಾಪನೆಯಾಯಿತು, ಅಲ್ಲಿನ ಪ್ರಥಮ ಧರ್ಮಾಧ್ಯಕ್ಷರಾದ ಜಾನ್ ಕ್ಯಾರೊಲ್ ಅದರ ಸ್ಥಾಪಕರು. 1838ರಲ್ಲಿ ಅದು ಸಾಲದಲ್ಲಿ ಮುಳುಗಿದಾಗ ಮೇರಿಲ್ಯಾಂಡಿನ ಯೇಸುಸಭೆಯವರು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಮಂದಿ ಗುಲಾಮರನ್ನು, ಗಂಡಸರು, ಹೆಂಗಸರು, ಮಕ್ಕಳೆನ್ನದೆ, ದೂರದ ಲೂಸಿಯಾನಕ್ಕೆ ಮಾರಿದರು. ಕುಟುಂಬಗಳನ್ನು ಅಗಲಿಸಬಾರದು, ಬಂದ ಹಣವನ್ನು ಸಾಲಕ್ಕೆ ಬಳಸಬಾರದು ಎಂದು ರೋಮಿನಿಂದ ಬಂದ ಷರತ್ತುಗಳನ್ನೂ ಪಾಲಿಸಲಿಲ್ಲ. ಮಾರಾಟವಾದವರಲ್ಲಿ ಅನೇಕರು ಜ್ಞಾನಸ್ನಾನ ಪಡೆದ ಕಥೋಲಿಕರೇ ಆಗಿದ್ದರು.

ಇದನ್ನು ಹೇಳಲು ನಮಗೆ ಸಂತೋಷವಿಲ್ಲ. ಆದರೆ ಮುಂದಿನ ಭಾಗವನ್ನೂ ಹೇಳಬೇಕು. ಈ ಇತಿಹಾಸವನ್ನು ಕೆದಕಿ ಎದುರಿಗಿಟ್ಟವರು ಆ ವಿಶ್ವವಿದ್ಯಾಲಯಕ್ಕೇ ಸೇರಿದವರು: ಅಲ್ಲಿನ ವಿದ್ವಾಂಸರು, ಅಲ್ಲಿನ ವಿದ್ಯಾರ್ಥಿಗಳು. 2017ರ ಏಪ್ರಿಲ್‌ನಲ್ಲಿ ಮಾರಾಟವಾದವರ ವಂಶಜರನ್ನು ಕರೆದು, ಪ್ರಾರ್ಥನೆಯ ನಡುವೆ ಕ್ಷಮೆ ಕೋರಲಾಯಿತು. ಆ ವ್ಯವಹಾರ ನಡೆಸಿದವರ ಹೆಸರು ಹೊತ್ತಿದ್ದ ಕಟ್ಟಡವೊಂದಕ್ಕೆ, ಮಾರಾಟದ ಪಟ್ಟಿಯಲ್ಲಿ ಮೊದಲನೆಯವನಾಗಿದ್ದ ಐಸಾಕ್ ಎಂಬ ಗುಲಾಮನ ಹೆಸರಿಡಲಾಯಿತು. 2019ರಲ್ಲಿ ವಿದ್ಯಾರ್ಥಿಗಳು ತಾವೇ ಮತದಾನ ನಡೆಸಿ, ವಂಶಜರ ಹಿತಕ್ಕಾಗಿ ಪ್ರತಿ ಅವಧಿಗೆ ತಲಾ 27.20 ಡಾಲರ್ ಕೊಡುವ ಪ್ರಸ್ತಾಪವನ್ನು ಬಹುಮತದಿಂದ ಬೆಂಬಲಿಸಿದರು. ತಪ್ಪನ್ನು ಮುಚ್ಚಿಡದೆ ನಿವೇದಿಸಿ, ಪ್ರಾಯಶ್ಚಿತ್ತಕ್ಕೆ ಮುಂದಾಗುವುದು ನಮ್ಮ ಧರ್ಮ ಕಲಿಸಿದ ದಾರಿಯೇ ಅಲ್ಲವೇ? ಆ ತರುಣರು ಪಾಪನಿವೇದನೆಯ ಸಂಸ್ಕಾರವನ್ನು ಲೆಕ್ಕದ ಪುಸ್ತಕದವರೆಗೆ ಕೊಂಡೊಯ್ದರು. ಸಂಸ್ಥೆಯ ಹೆಸರಿಗೆ ಅರ್ಥ ಬರುವುದು ಒಳಗಿರುವವರ ನಡತೆಯಿಂದ.

ಗೋಪುರ ಕಟ್ಟುವ ಮುನ್ನ

ಇನ್ನು ಮನೆಯ ಲೆಕ್ಕಕ್ಕೆ ಬರೋಣ. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿ ಹೇಳಿದ್ದು ಇಂದಿನ ಪಾಲಕರಿಗೇ ಹೇಳಿದಂತಿದೆ.

ಮೊದಲನೆಯ ಪ್ರಶ್ನೆ, ಹೋಗುವ ಅಗತ್ಯವೇನು? ಕ್ರೈಸ್ತ ವಿಶ್ವವಿದ್ಯಾಲಯ ಬೇಕೆಂಬ ಕಾರಣವೊಂದಕ್ಕೇ ಕಡಲು ದಾಟಬೇಕಾಗಿಲ್ಲ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು; 2022ರಲ್ಲಿ ಸಂತ ಜೋಸೆಫ್‌ ವಿಶ್ವವಿದ್ಯಾಲಯ ಉದ್ಘಾಟನೆಯಾಯಿತು; 2024ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಇಲ್ಲಿ ದೊರೆಯದ ಯಾವ ವಿದ್ಯೆ ಅಲ್ಲಿದೆ, ಯಾವ ಪ್ರಾಧ್ಯಾಪಕರ ಬಳಿ ಓದಬೇಕೆಂಬ ಹಂಬಲವಿದೆ ಎಂದು ಮಗ ಅಥವಾ ಮಗಳು ನಾಲ್ಕು ವಾಕ್ಯಗಳಲ್ಲಿ ಸ್ಪಷ್ಟವಾಗಿ ಹೇಳಬಲ್ಲರೆ ಮುಂದುವರಿಯಬಹುದು. ‘ನೆರೆಮನೆಯವರು ಹೋದರು’ ಎಂಬುದು ಉತ್ತರವಲ್ಲ.

ಎರಡನೆಯದು ಹಣ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಕೆಲವು ತಿಂಗಳಾದ ಮೇಲೆ ಆರಂಭವಾಗುತ್ತದೆ. ಆದರೆ ಬಡ್ಡಿಯ ಲೆಕ್ಕ ಹಣ ಕೈಗೆ ಬಂದ ದಿನದಿಂದಲೇ ಓಡುತ್ತಿರುತ್ತದೆ. ಅಲ್ಲಿ ದುಡಿದು ತೀರಿಸುತ್ತೇನೆಂದು ಮಕ್ಕಳು ಹೇಳುತ್ತಾರೆ. ಬೆಲ್ಜಿಯಂನಲ್ಲಿ ಪರದೇಶದ ವಿದ್ಯಾರ್ಥಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಯೂರೋಪಿನ ಪದ್ಧತಿಯಂತೆ ಒಂದು ವರ್ಷದ ಪೂರ್ಣ ವ್ಯಾಸಂಗಕ್ಕೆ 60 ಕ್ರೆಡಿಟ್‌ಗಳು. ಒಂದೊಂದಕ್ಕೂ 25ರಿಂದ 30 ಗಂಟೆಗಳ ಅಭ್ಯಾಸ ಬೇಕೆಂಬುದು ಅಂದಾಜು. ಎಂದರೆ ವರ್ಷಕ್ಕೆ 1500ರಿಂದ 1800 ಗಂಟೆ. ಜನವರಿ ಮತ್ತು ಜೂನ್ ತಿಂಗಳ ಪರೀಕ್ಷೆಗಳ ಹೊತ್ತಿಗೆ ಓದಿಗೇ ಸಮಯ ಸಾಲದು. ಹೋಟೆಲಿನಲ್ಲಿ ತಟ್ಟೆ ತೊಳೆದ ಹಣ ಕೈಖರ್ಚಿಗೆ ಆದೀತು. ತೋಟವನ್ನು ಬಿಡಿಸಿಕೊಳ್ಳಲು ಆಗದು. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದರ ಪಾಲೂ ಆ ತೋಟದಲ್ಲಿದೆ ಎಂಬುದನ್ನು ಮರೆಯಬಾರದು.

ಮೂರನೆಯದು ವಿಚಾರಣೆ. ಒಳ್ಳೆಯ ವಿಶ್ವವಿದ್ಯಾಲಯಕ್ಕೆ ಅರ್ಜಿಯನ್ನು ನೇರವಾಗಿ ಸಲ್ಲಿಸಬಹುದು. ಮಧ್ಯವರ್ತಿಯ ಕೈಗೆ ಲಕ್ಷಗಳನ್ನು ಸುರಿಯುವುದು ಅನಿವಾರ್ಯವಲ್ಲ. ಸಂತರ ಹೆಸರಿಟ್ಟುಕೊಂಡ ಸಂಸ್ಥೆಗಳೆಲ್ಲ ಲ್ಯೂವೆನ್ನೂ ಅಲ್ಲ, ಜಾರ್ಜ್‌ಟೌನೂ ಅಲ್ಲ. ಆ ದೇಶದ ಸರ್ಕಾರ ಅದರ ಪದವಿಯನ್ನು ಮಾನ್ಯ ಮಾಡಿದೆಯೇ, ನಮ್ಮ ದೇಶದಲ್ಲಿ ಆ ಪದವಿಗೆ ಬೆಲೆಯಿದೆಯೇ ಎಂದು ಹಣ ಕಟ್ಟುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಓದಿ ಬಂದವರು ನಮ್ಮ ಧರ್ಮಕ್ಷೇತ್ರಗಳಲ್ಲಿಯೇ ಇದ್ದಾರೆ, ಗುರುಗಳಲ್ಲಿಯೂ ಇದ್ದಾರೆ. ಅವರೊಂದಿಗೆ ಒಂದು ಗಂಟೆ ಮಾತಾಡಿದರೆ ಬಣ್ಣದ ಹೊತ್ತಗೆಗಳು ಹೇಳದ ಸಂಗತಿಗಳು ತಿಳಿಯುತ್ತವೆ.

ಕಟ್ಟಿಕೊಡಬೇಕಾದ ಬುತ್ತಿ

ಲೆಕ್ಕವೆಲ್ಲ ಸರಿಹೊಂದಿ ಮಗಳು ಹೊರಟಳೆಂದು ಇಟ್ಟುಕೊಳ್ಳೋಣ. ಡಿಸೆಂಬರಿನ ಲ್ಯೂವೆನ್ನಿನಲ್ಲಿ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಬೆಳಕು ಹರಿಯುತ್ತದೆ. ಸಂಜೆ ಐದಕ್ಕೆ ಮೊದಲೇ ಕತ್ತಲು. ಇಲ್ಲಿ ರಾತ್ರಿ ಎಂಟಕ್ಕೆ ಮನೆಯವರು ಜಪಸರಕ್ಕೆ ಕುಳಿತಾಗ ಅಲ್ಲಿ ಮಧ್ಯಾಹ್ನ ಮೂರೂವರೆ; ಅವಳು ತರಗತಿಯಲ್ಲಿರುತ್ತಾಳೆ. ಭಾನುವಾರ ಅವಳನ್ನು ಎಬ್ಬಿಸಿ ಪೂಜೆಗೆ ಕಳುಹಿಸುವ ತಾಯಿ ಅಲ್ಲಿಲ್ಲ. ಪೂಜೆಗೆ ಬರಲಿಲ್ಲವೇಕೆಂದು ಕೇಳುವ ನೆರೆಯವರಿಲ್ಲ. ವಿಶ್ವವಿದ್ಯಾಲಯಕ್ಕೆ ತನ್ನದೇ ಆದ ಧರ್ಮಕೇಂದ್ರವಿದೆ. ಪರದೇಶದ ವಿದ್ಯಾರ್ಥಿಗಳಿಗೆ ಅಲ್ಲಿ ಸ್ವಾಗತವೂ ಇದೆ. ಆದರೆ ಅದರ ಬಾಗಿಲನ್ನು ತಟ್ಟುವವಳು ಅವಳೇ ಆಗಬೇಕು.

ಇದುವರೆಗೆ ಮನೆಯ ರೂಢಿ ಅವಳನ್ನು ದೇವಾಲಯಕ್ಕೆ ಕರೆದೊಯ್ದಿತ್ತು. ಇನ್ನು ಅವಳ ಇಷ್ಟ ಕರೆದೊಯ್ಯಬೇಕು. ರೂಢಿಯ ವಿಶ್ವಾಸ ಸ್ವಂತ ವಿಶ್ವಾಸವಾಗಿ ಮಾರ್ಪಡುವುದು ಅಥವಾ ಉದುರಿಹೋಗುವುದು ಇಂತಹ ಒಂಟಿತನದಲ್ಲಿಯೇ. ಇದು ಕಥೋಲಿಕ ವಿಶ್ವವಿದ್ಯಾಲಯದಲ್ಲೂ ನಡೆಯುತ್ತದೆ, ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ನಡೆಯುತ್ತದೆ, ಬೆಂಗಳೂರಿನ ಹಾಸ್ಟೆಲಿನಲ್ಲೂ ನಡೆಯುತ್ತದೆ.

ಆದುದರಿಂದ ಪಾಲಕರು ಕಟ್ಟಿಕೊಡಬೇಕಾದ ಬುತ್ತಿ ಉಪ್ಪಿನಕಾಯಿ ಹಪ್ಪಳಗಳಷ್ಟೇ ಅಲ್ಲ. ದೇವರನ್ನು ಕುರಿತು ಮಕ್ಕಳು ಕೇಳಿದ ಪ್ರಶ್ನೆಗಳಿಗೆ ನಾವು ಮನೆಯಲ್ಲಿ ಏನು ಉತ್ತರ ಕೊಟ್ಟಿದ್ದೇವೆ? ‘ಹಾಗೆಲ್ಲ ಕೇಳಬಾರದು’ ಎಂದು ಬಾಯಿ ಮುಚ್ಚಿಸಿದ್ದೇವೆಯೇ? ಧರ್ಮೋಪದೇಶದ ತರಗತಿ ದೃಢೀಕರಣ ಸಂಸ್ಕಾರದೊಂದಿಗೆ ಮುಗಿದುಹೋಯಿತೆಂದು ನಿರಾಳವಾಗಿದ್ದೇವೆಯೇ? ಇಲ್ಲಿ ಕೇಳಗೊಡದ ಪ್ರಶ್ನೆಯನ್ನು ಅಲ್ಲಿ ಸಹಪಾಠಿಯೊಬ್ಬ ನಗುತ್ತಾ ಕೇಳುತ್ತಾನೆ. ಅಂದು ಮಗುವಿನ ಬಳಿ ಉತ್ತರವಿಲ್ಲದಿದ್ದರೆ ತಪ್ಪು ಲ್ಯೂವೆನ್ನಿನದಲ್ಲ, ನಮ್ಮದು.

ಧರ್ಮಕೇಂದ್ರಗಳಿಗೂ ಇಲ್ಲಿ ಕೆಲಸವಿದೆ. ಹೊರಡುವ ಮಕ್ಕಳನ್ನು ಪೂಜೆಯ ಕೊನೆಯಲ್ಲಿ ಹರಸಿ ಕಳುಹಿಸುವುದು ಒಳ್ಳೆಯ ಪದ್ಧತಿ. ಅದರ ಜೊತೆಗೆ, ಹೋಗಿ ಬಂದವರನ್ನೂ ಹೋಗಲಿರುವವರನ್ನೂ ವರ್ಷಕ್ಕೊಮ್ಮೆ ಒಂದೆಡೆ ಕೂಡಿಸಿ, ಸಾಲದಿಂದ ಹಿಡಿದು ಸಂಶಯದವರೆಗೆ ಎಲ್ಲವನ್ನೂ ಬಿಚ್ಚುಮನಸ್ಸಿನಿಂದ ಮಾತಾಡಿಸಿದರೆ ಎಷ್ಟೋ ಕುಟುಂಬಗಳು ಎಡವುವುದು ತಪ್ಪೀತು.

ಯೇಸುಸ್ವಾಮಿಗೆ ಹನ್ನೆರಡು ವರ್ಷವಾಗಿದ್ದಾಗ ಜೆರುಸಲೇಮಿನ ಹಬ್ಬದಿಂದ ಹಿಂದಿರುಗುತ್ತಿದ್ದ ಮಾತೆ ಮರಿಯ ಮತ್ತು ಜೋಸೆಫರು, ಮಗ ನಮ್ಮವರ ಗುಂಪಿನಲ್ಲಿಯೇ ಇದ್ದಾನೆಂದು ನಂಬಿ ಒಂದು ದಿನದ ದಾರಿ ನಡೆದುಬಿಟ್ಟರು. ‘ನಮ್ಮವರ ನಡುವೆ ಇದ್ದಾನೆ, ಚಿಂತೆಯಿಲ್ಲ’ ಎಂಬ ಭಾವನೆ ಆ ಪವಿತ್ರ ಕುಟುಂಬವನ್ನೂ ಬಿಡಲಿಲ್ಲ. ಮೂರು ದಿನಗಳ ಮೇಲೆ ಅವರು ಮಗನನ್ನು ಕಂಡದ್ದು ದೇವಾಲಯದಲ್ಲಿ, ಶಾಸ್ತ್ರಜ್ಞರ ನಡುವೆ. ಅವರ ಮಾತನ್ನು ಆತ ಆಲಿಸುತ್ತಿದ್ದ, ಅವರಿಗೆ ಪ್ರಶ್ನೆ ಹಾಕುತ್ತಿದ್ದ. ಅನಂತರ ತಾಯಿತಂದೆಯರೊಡನೆ ನಜರೇತಿಗೆ ಮರಳಿ ಅವರಿಗೆ ವಿಧೇಯನಾಗಿ ಬಾಳಿದ.

ಆಲಿಸುವುದು, ಪ್ರಶ್ನಿಸುವುದು, ಮರಳಿದಾಗ ಮನೆಯವರನ್ನು ಮರೆಯದಿರುವುದು: ವಿದ್ಯಾರ್ಥಿಗೆ ಇದಕ್ಕಿಂತ ಹಿರಿದಾದ ಮಾದರಿ ನಮಗೆ ತಿಳಿಯದು.

ಮಲೆನಾಡಿನ ಆ ಹಿರಿಯರು ಮತ್ತೆ ಸಿಕ್ಕಾಗ ನಾವು ಹೇಳಬೇಕೆಂದಿರುವುದು ಇಷ್ಟೆ. ನಿಮ್ಮ ಮಗಳು ಹೋಗುತ್ತಿರುವುದು ಒಳ್ಳೆಯ ವಿದ್ಯಾಮಂದಿರಕ್ಕೆ. ಲೆಕ್ಕ ಸರಿಹೊಂದಿದರೆ ಧೈರ್ಯವಾಗಿ ಕಳುಹಿಸಿ. ಅವಳ ವಿಶ್ವಾಸವನ್ನು ಕಾಯುವ ಕೆಲಸವನ್ನು ಮಾತ್ರ ಆ ಹೆಬ್ಬಾಗಿಲ ಮೇಲಿನ ಹೆಸರಿಗೆ ಒಪ್ಪಿಸಬೇಡಿ. ಹೊರಡುವ ಮುನ್ನ ಒಂದು ಸಂಜೆ ತೋಟದಲ್ಲಿ ಅವಳೊಡನೆ ಕುಳಿತು, ಸಾಲದ ಮಾತನ್ನೂ ಆಡಿ, ದೇವರ ಮಾತನ್ನೂ ಆಡಿ. ಅವಳು ಪ್ರಶ್ನೆ ಕೇಳಿದರೆ ಸಿಡುಕದೆ ಕೇಳಿಸಿಕೊಳ್ಳಿ. ಉಳಿದುದನ್ನು ಪ್ರಾರ್ಥನೆಗೆ ಬಿಡಿ.